ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳಬಹುದಾ? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ಚಾರ್ಜ್ ಚೀಟಿ ಕೈಗೆ ಬಂದ ದಿನವೇ ನಮಗೆ ಫೋನ್ ಬರುತ್ತದೆ. "ಸಿಸ್ಟರ್, ಅಪ್ಪಯ್ಯನನ್ನು ಮನೆಗೆ ಕರ್ಕೊಂಡು ಹೋಗಿ ಅಂತಿದಾರೆ. ಮನೇಲಿ ಆಗುತ್ತಾ?" ನಾನು ಶಿವಮೊಗ್ಗದಲ್ಲಿ ವಾರ್ಡ್ ನರ್ಸ್ ಆಗಿದ್ದವಳು. ಈಗ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡುವ ಒಂದು ಸಣ್ಣ ತಂಡದಲ್ಲಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ಇದನ್ನು ಓದಿ ನೀವೇ ತೀರ್ಮಾನ ಮಾಡಿಬಿಡಿ ಅಂತ ಅಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಗೊತ್ತಾಗಲಿ ಅಂತ.

ಮನೆ ಆರೈಕೆ ಅಂದರೆ ಹೋಂ ನರ್ಸ್ ಇಟ್ಟುಕೊಳ್ಳುವುದೇ ಅಲ್ವಾ?

ಜನ ಎಲ್ಲರಿಗೂ ಹೋಂ ನರ್ಸ್ ಅಂತಲೇ ಹೇಳುತ್ತಾರೆ. ಆದರೆ ಮನೆಯಲ್ಲೇ ಉಳಿದು ಸ್ನಾನ ಮಾಡಿಸಿ, ಊಟ ಮಾಡಿಸಿ, ಬಟ್ಟೆ ಬದಲಿಸುವವರು ಹೆಚ್ಚಿನ ಸಲ ನರ್ಸ್ ಅಲ್ಲ, ಅಟೆಂಡರ್. ನರ್ಸಿಂಗ್ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು ಬೇರೆ. ಇಂಜೆಕ್ಷನ್, ಡ್ರಿಪ್, ಮೂತ್ರದ ಪೈಪು ಬದಲಿಸುವುದು, ಆಳವಾದ ಗಾಯದ ಡ್ರೆಸ್ಸಿಂಗ್ ಇವರ ಕೆಲಸ. ಇವರು ದಿನವಿಡೀ ಮನೆಯಲ್ಲಿ ಇರಬೇಕಾಗಿಲ್ಲ. ವಾರಕ್ಕೆ ಎರಡು ಸಲ ಬಂದು ಹೋದರೂ ಸಾಕಾಗಬಹುದು.

ಹಾಗಾಗಿ ಮೊದಲು ನಿಮಗೆ ಏನು ಬೇಕು ಅಂತ ತಿಳಿದುಕೊಳ್ಳಿ. ತೊಡೆ ಮೂಳೆ ಮುರಿದು ಆಪರೇಷನ್ ಆದ ಅಜ್ಜಿಗೆ ಬೇಕಾಗಿರುವುದು ಎತ್ತಿ ಕೂರಿಸುವ ಕೈ, ಫಿಸಿಯೋಥೆರಪಿ, ಒಂದು ವಾಕರ್. ಅವರಿಗೆ ನರ್ಸ್ ಇಟ್ಟು ದುಡ್ಡು ಕಳೆಯುವುದು ಸುಮ್ನೆ. ಗಂಟಲಲ್ಲಿ ತೂತು ಮಾಡಿ ಪೈಪು ಹಾಕಿಸಿಕೊಂಡವರನ್ನು ಅಟೆಂಡರ್ ಕೈಗೆ ಬಿಡುವುದು ಅಪಾಯ.

ಮನೆಗೆ ಕಳಿಸಬಹುದು ಅಂತ ತೀರ್ಮಾನ ಮಾಡುವವರು ಯಾರು?

ಕಾಯಿಲೆಯ ಮಟ್ಟಿಗೆ ಚಿಕಿತ್ಸೆ ಕೊಟ್ಟ ಡಾಕ್ಟರು. ಆದರೆ ಆಸ್ಪತ್ರೆಯ ಡಾಕ್ಟರಿಗೆ ನಿಮ್ಮ ಮನೆ ಗೊತ್ತಿಲ್ಲ. ಟಾರ್ ರೋಡಿನಿಂದ ಮನೆಗೆ ಎಷ್ಟು ದೂರ, ಬಚ್ಚಲು ಎಲ್ಲಿದೆ, ರಾತ್ರಿ ಯಾರು ಎದ್ದಿರುತ್ತಾರೆ ಅನ್ನುವುದು ಕೇಸ್ ಶೀಟಿನಲ್ಲಿ ಇರುವುದಿಲ್ಲ. "ಸ್ಟೇಬಲ್ ಇದಾರೆ, ಮನೆಗೆ ಹೋಗಬಹುದು" ಅಂದರೆ ಆಸ್ಪತ್ರೆಯಲ್ಲಿ ಇಡುವ ಅಗತ್ಯ ಇಲ್ಲ ಅಂತ ಅರ್ಥ. ನಿಮ್ಮ ಮನೆಯಲ್ಲಿ ಇಡಬಹುದು ಅಂತ ಅಲ್ಲ. ಈ ವ್ಯತ್ಯಾಸವನ್ನು ಹಿಡಿಯದೆ ಮನೆಗೆ ಹೋದವರು ನಾಲ್ಕನೇ ದಿನಕ್ಕೆ ವಾಪಸ್ ವಾರ್ಡಿಗೆ ಬಂದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ನೀವು ಮೊದಲು ಏನು ಕೇಳುತ್ತೀರಿ?

ಕಾಯಿಲೆ ಹೆಸರು ಕೇಳುವ ಮೊದಲು ನಿನ್ನೆ ಮೊನ್ನೆಯ ಕಥೆ ಕೇಳುತ್ತೇನೆ. ಕಳೆದ ಎರಡು ದಿನದಲ್ಲಿ ಜ್ವರ ಬಂತಾ? ಬಿಪಿ, ನಾಡಿ, ಉಸಿರು ಒಂದು ಹದದಲ್ಲಿ ನಿಂತಿದೆಯಾ? ಔಷಧಿಯ ಅಳತೆ ದಿನಾ ಬದಲಾಗುತ್ತಿದೆಯಾ? ಬೆಳಿಗ್ಗೆ ಒಂದು ಡೋಸ್, ಸಂಜೆ ರಕ್ತಪರೀಕ್ಷೆ ನೋಡಿ ಇನ್ನೊಂದು ಡೋಸ್ ಅಂತ ನಡೀತಿದ್ದರೆ ಇನ್ನೂ ಮನೆಗೆ ಹೋಗುವ ಹೊತ್ತಾಗಿಲ್ಲ.

ಆಮೇಲೆ ಆರು ಕೆಲಸದ ಬಗ್ಗೆ ಕೇಳುತ್ತೇನೆ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕಕ್ಕಸಿಗೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ತುತ್ತು ಬಾಯಿಗೆ ಇಟ್ಟುಕೊಳ್ಳುವುದು. ಇದು ನಾನು ಕಂಡುಹಿಡಿದದ್ದಲ್ಲ. 1963ರಲ್ಲಿ ಕಾಟ್ಜ್ ಅನ್ನುವ ಅಮೆರಿಕದ ವೈದ್ಯರ ತಂಡ ಪ್ರಕಟಿಸಿದ ಅಳತೆ. ಇವತ್ತಿಗೂ ಇಷ್ಟು ಸರಳವಾಗಿ ಕೆಲಸಕ್ಕೆ ಬರುವುದು ಇನ್ನೊಂದಿಲ್ಲ ಅನ್ನಿಸುತ್ತದೆ. ಆರರಲ್ಲಿ ಐದನ್ನು ತಾವೇ ಮಾಡುವವರಿಗೆ ಮನೆಯೇ ಒಳ್ಳೆಯದು. ಒಂದನ್ನೂ ಮಾಡಲಾಗದವರನ್ನೂ ಮನೆಯಲ್ಲಿ ಇಡಬಹುದು, ಆದರೆ ಆಗ ಪ್ರಶ್ನೆ ರೋಗಿಯದಲ್ಲ, ನಿಮ್ಮದು.

ಕೊನೆಗೆ ಒಂದು ಪ್ರಶ್ನೆ. ರಾತ್ರಿ ಎರಡು ಗಂಟೆ. ಕರೆಂಟಿಲ್ಲ. ಮಳೆ ಹೊಡೀತಿದೆ. ರೋಗಿ ಉಸಿರಿಗೆ ಕಷ್ಟಪಡುತ್ತಿದ್ದಾರೆ. ಆಗ ಯಾರು, ಏನು ಮಾಡುತ್ತೀರಿ? ಇದಕ್ಕೆ ಮನೆಯವರು ತಡವರಿಸದೆ ಉತ್ತರ ಹೇಳಿದರೆ ನಾನು ಅರ್ಧ ಒಪ್ಪಿದ ಹಾಗೆ. "ದೇವರಿದ್ದಾನೆ ಬಿಡಿ" ಅಂದರೆ ಇನ್ನೆರಡು ದಿನ ವಾರ್ಡಿನಲ್ಲೇ ಇರಲಿ ಅನ್ನುತ್ತೇನೆ.

ಯಾರನ್ನು ಖಂಡಿತ ಮನೆಗೆ ತರಬಾರದು?

ಬಿಪಿ ಹಿಡಿದಿಡಲು ಡ್ರಿಪ್‌ನಲ್ಲಿ ಔಷಧಿ ಓಡುತ್ತಿರುವವರು. ಎದೆನೋವು ಇನ್ನೂ ನಿಲ್ಲದವರು. ಹೊಸದಾಗಿ ಫಿಟ್ಸ್ ಶುರುವಾಗಿ ಹತೋಟಿಗೆ ಬಾರದವರು. ಎಲ್ಲಿಂದಲೋ ರಕ್ತ ಹೋಗುತ್ತಿದ್ದು ಎಲ್ಲಿಂದ ಅಂತ ಗೊತ್ತಾಗದವರು. ದಿನದಿಂದ ದಿನಕ್ಕೆ ಮಂಪರು ಹೆಚ್ಚುತ್ತಿರುವವರು. ಇಂಥವರ ವಿಷಯದಲ್ಲಿ ಮನೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಒಂದೇ ಒಂದು ಬೇರೆ ಸಂದರ್ಭ ಇದೆ, ಅದು ಕೊನೆಯ ದಿನಗಳನ್ನು ಮನೆಯಲ್ಲಿ ಕಳೆಯಬೇಕು ಅಂತ ತಿಳಿದೇ ತೀರ್ಮಾನಿಸಿದವರದ್ದು. ಅದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಮನೆ ನೋಡಲು ಬರುತ್ತೀರಲ್ಲ, ಏನು ನೋಡುತ್ತೀರಿ?

ಕಸ ಗುಡಿಸಿದ್ದೀರಾ ಅಂತ ನೋಡಲು ಬರುವುದಿಲ್ಲ, ಗಡಿಬಿಡಿ ಬೇಡ. ನಮ್ಮ ಕಡೆಯ ಹಳೇ ಮನೆಗಳು ಗಟ್ಟಿಮುಟ್ಟಾದವರಿಗಾಗಿ ಕಟ್ಟಿದ್ದು. ಎತ್ತರದ ಜಗಲಿ, ಅದಕ್ಕೆ ಕಲ್ಲಿನ ಮೆಟ್ಟಿಲು, ಪ್ರತಿ ಬಾಗಿಲಿಗೂ ಒಂದು ಗೇಣು ಹೊಸ್ತಿಲು, ಬಗ್ಗಿ ಹೋಗಬೇಕಾದ ಕೋಣೆ. ಕಕ್ಕಸು ಅಂಗಳದ ಆಚೆ. ವಾಕರ್ ಹಿಡಿದವರಿಗೆ ಒಂದೊಂದು ಹೊಸ್ತಿಲೂ ಒಂದೊಂದು ಬೆಟ್ಟ. ಹಾಗಾಗಿ ರೋಗಿಯನ್ನು ಯಾವ ಕೋಣೆಯಲ್ಲಿ ಮಲಗಿಸುತ್ತೀರಿ ಅನ್ನುವುದೇ ನನ್ನ ಮೊದಲ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಅವರದ್ದೇ ಹಳೇ ಕೋಣೆಗಿಂತ ಜಗಲಿಯ ಪಕ್ಕದ ಕೋಣೆ ವಾಸಿ. ಬೆಳಕು ಬರುತ್ತದೆ, ಹೋಗಿಬರುವವರ ಮುಖ ಕಾಣುತ್ತದೆ, ಕಷ್ಟ ಬಂದರೆ ಎತ್ತಿ ಹೊರಗೆ ತರುವುದು ಸುಲಭ.

ಎರಡನೆಯದು ಬಚ್ಚಲು. ಬಚ್ಚಲ ಒಲೆ, ಹಂಡೆ ನೀರು ಎಲ್ಲ ಚೆಂದ, ಆದರೆ ನೆಲ ಜಾರುತ್ತದೆ. ಕೈ ಹಿಡಿಯಲು ಗೋಡೆಗೆ ಒಂದು ಕಬ್ಬಿಣದ ಪೈಪು ಹಾಕಿಸಿ. ಕಮೋಡ್ ಕುರ್ಚಿಯನ್ನು ಮಂಚದ ಪಕ್ಕ ಇಡಿ. ಮೊದಲ ದಿನ ಹಿರಿಯರು ಅದಕ್ಕೆ ಒಪ್ಪುವುದಿಲ್ಲ. "ಉಣ್ಣೋ ಜಾಗದಲ್ಲಿ ಅದಾ?" ಅಂತ ಬೈಯುತ್ತಾರೆ. ಸುತ್ತ ಒಂದು ಪರದೆ ಕಟ್ಟಿಕೊಟ್ಟರೆ ವಾರದಲ್ಲಿ ಸರಿಹೋಗುತ್ತಾರೆ.

ಮೂರನೆಯದು ಬಟ್ಟೆ. ಇದನ್ನು ಪೇಟೆಯವರು ಯೋಚಿಸುವುದೇ ಇಲ್ಲ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಒಂದು ಬೆಡ್‌ಶೀಟ್ ಒಣಗಲು ಮೂರು ದಿನ ಬೇಕು. ಹಾಸಿಗೆಯಲ್ಲೇ ಮೂತ್ರ ಮಾಡುವವರಿಗೆ ಹತ್ತು ಹನ್ನೆರಡು ಹಳೇ ಪಂಚೆ, ಸೀರೆ ಇಲ್ಲದಿದ್ದರೆ ಆಗುವುದಿಲ್ಲ. ಹಸಿ ಬಟ್ಟೆ ಹಾಸಿದರೆ ಬೆನ್ನಿನ ಚರ್ಮ ಕಿತ್ತುಬರುತ್ತದೆ.

ಅಂಗಳವನ್ನೂ ನೋಡುತ್ತೇನೆ. ಪಾಚಿ ಕಟ್ಟಿದ್ದರೆ ಅಡಿಕೆ ದಬ್ಬೆ ಹಾಕಿ ದಾರಿ ಮಾಡಿರುತ್ತೀರಿ. ನಮಗೆ ನಿಮಗೆ ಅದು ಸಾಕು. ರೋಗಿಯನ್ನು ಹೊತ್ತು ನಡೆಯುವ ನಾಲ್ವರಿಗೆ ಸಾಕಾಗುವುದಿಲ್ಲ.

ಮಳೆಗಾಲದಲ್ಲಿ ಮನೆಗೆ ಕರೆದುಕೊಂಡು ಬರುವುದು ಸರಿಯಾ?

ಇದಕ್ಕೆ ನಾನೇ ಎಡವಿದ ಒಂದು ಕಥೆ ಹೇಳಬೇಕು. ಒಂದು ಜೂನ್‌ನಲ್ಲಿ ಹೊಸನಗರದ ಕಡೆಯ ಅಜ್ಜಿಯೊಬ್ಬರ ಬಗ್ಗೆ ಫೋನಿನಲ್ಲೇ ಎಲ್ಲ ಕೇಳಿ ಒಪ್ಪಿಕೊಂಡೆ. ನ್ಯುಮೋನಿಯಾ ಇಳಿದಿತ್ತು, ಮನೆಯಲ್ಲಿ ಸೊಸೆ ಇದ್ದರು, ಮಂಚ, ಇನ್ವರ್ಟರ್ ಎಲ್ಲ ಇತ್ತು. ಹೋಗಿ ನೋಡಿದರೆ ಮನೆಗೂ ರೋಡಿಗೂ ನಡುವೆ ಒಂದು ಹಳ್ಳ, ಅದಕ್ಕೊಂದು ಅಡಿಕೆ ಮರದ ಸಂಕ. ಹೇಗೋ ಕಂಬಳಿ ಜೋಲಿಯಲ್ಲಿ ದಾಟಿಸಿದರು. ಎಂಟನೇ ದಿನ ರಾತ್ರಿ ಮತ್ತೆ ಜ್ವರ, ಉಸಿರಾಟ ಜೋರು. 108 ಆಂಬ್ಯುಲೆನ್ಸ್ ರೋಡಿನವರೆಗೆ ಬಂದು ನಿಂತಿತು. ಹಳ್ಳ ಸಂಕದ ಮೇಲೆ ಹರಿಯುತ್ತಿತ್ತು. ಬೆಳಗಾಗುವವರೆಗೆ ಕಾಯಬೇಕಾಯಿತು. ಅಜ್ಜಿ ಬದುಕಿದರು, ಆದರೆ ಅದು ನಮ್ಮ ಜಾಣತನದಿಂದ ಅಲ್ಲ. ಅವತ್ತಿನಿಂದ "ರೋಡಿನಿಂದ ಮನೆಗೆ ಹೇಗೆ ಬರಬೇಕು?" ಅಂತ ಕೇಳದೆ ಯಾರಿಗೂ ಹೂಂ ಅಂದಿಲ್ಲ.

ಇನ್ನೊಂದು ಉದಾಹರಣೆ ತುಮರಿ ಕಡೆಯದ್ದು. ಶರಾವತಿ ಹಿನ್ನೀರಿನ ಆಚೆಯವರು ಸಂಜೆ ಲಾಂಚ್ ನಿಂತ ಮೇಲೆ ಸಾಗರಕ್ಕೆ ಬರಬೇಕಾದರೆ ಪಟ್ಟ ಪಾಡು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು. ಕಾಯಿಲೆ ಅದೇ, ಮನೆ ಅದೇ, ನೋಡಿಕೊಳ್ಳುವವರೂ ಅವರೇ. ಆದರೂ ಅಲ್ಲಿಯ ಎಷ್ಟೋ ರೋಗಿಗಳ ವಿಷಯದಲ್ಲಿ ಮೊದಲು "ಬೇಡ" ಅನ್ನಬೇಕಾದದ್ದನ್ನು ಈಗ "ಆಗಬಹುದು" ಅನ್ನಬಹುದು.

ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವವರೂ ಯೋಚಿಸಬೇಕು. ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ದಾರಿ ಬಂದ್. ಆಗ ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್ ಈ ಕಡೆ ಶಿವಮೊಗ್ಗಕ್ಕೇ ಬರಬೇಕು. ಹಾಗಾಗಿ ಎರಡೂ ಕಡೆ ತೋರಿಸಲು ಆಗುವಂತೆ ಕಾಗದಪತ್ರದ ಪ್ರತಿ ಇಟ್ಟುಕೊಳ್ಳಿ.

ಮನೆ ರೋಡಿನಿಂದ ತುಂಬಾ ಒಳಗಿದ್ದು ತೊಂದರೆ ಅಂತಿದ್ದರೆ ಇನ್ನೊಂದು ದಾರಿ ಇದೆ. ಮಳೆಗಾಲದ ಎರಡು ತಿಂಗಳು ರೋಡ್ ಪಕ್ಕದ ನೆಂಟರ ಮನೆಯಲ್ಲೋ, ಪೇಟೆಯ ಬಾಡಿಗೆ ಕೋಣೆಯಲ್ಲೋ ಇಡಿ. ಕೊಡೆ ಮಡಚುವ ಹೊತ್ತಿಗೆ ಮನೆಗೆ ತನ್ನಿ.

ನೆಟ್‌ವರ್ಕ್ ಇಲ್ಲದ ಮನೆಗೆ?

ಗುಡ್ಡ ಹತ್ತಿ ಫೋನ್ ಮಾಡಬೇಕಾದ ಮನೆಯಲ್ಲಿ ರೋಗಿ ಜೊತೆ ಒಬ್ಬರೇ ಇರಬಾರದು. ಒಬ್ಬರು ಫೋನಿಗೆ ಹೋದರೆ ಇನ್ನೊಬ್ಬರು ಪಕ್ಕದಲ್ಲಿರಬೇಕು. ಲ್ಯಾಂಡ್‌ಲೈನ್ ಇದ್ದರೆ ತೆಗೆಸಬೇಡಿ. ವೈಫೈ ಹಾಕಿಸಿದ್ದರೆ ಆ ಡಬ್ಬಿಯನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ಎಷ್ಟೋ ಮನೆಗಳಲ್ಲಿ ಫ್ಯಾನು ತಿರುಗುತ್ತಿರುತ್ತದೆ, ವೈಫೈ ಸತ್ತಿರುತ್ತದೆ.

ಆಕ್ಸಿಜನ್ ಮೇಲಿರುವವರನ್ನು ಮನೆಯಲ್ಲಿ ಇಡಬಹುದಾ?

ಎಷ್ಟು ಲೀಟರ್ ಬೇಕು ಅನ್ನುವುದರ ಮೇಲೆ ನಿಂತಿದೆ. ನಿಮಿಷಕ್ಕೆ ಒಂದೆರಡು ಲೀಟರ್ ಸಾಕಾಗಿ, ಆ ಅಳತೆ ಕೆಲವು ದಿನಗಳಿಂದ ಬದಲಾಗದಿದ್ದರೆ ಇಡಬಹುದು. ಅದಕ್ಕಿಂತ ಜಾಸ್ತಿ ಆದ ಹಾಗೆ ನನ್ನ ಹೂಂ ಸಣ್ಣದಾಗುತ್ತದೆ.

ಲೆಕ್ಕ ಹಾಕೋಣ. ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಐದು ಲೀಟರಿನ ಕಾನ್ಸಂಟ್ರೇಟರ್ ಯಂತ್ರ ಸುಮಾರು 300ರಿಂದ 350 ವಾಟ್ ಕರೆಂಟ್ ತಿನ್ನುತ್ತದೆ. ಮನೆಗೆ ಹಾಕಿಸುವ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಅದನ್ನು ಮೂರು ಗಂಟೆ ಓಡಿಸೀತು, ಬ್ಯಾಟರಿ ಹೊಸದಾದರೆ ನಾಲ್ಕು. ಅದೂ ಮನೆಯ ಬೇರೆ ದೀಪ ಫ್ಯಾನು ಎಲ್ಲ ಆಫ್ ಮಾಡಿದರೆ. ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಹೋಗುವ ಊರಿಗೆ ಇದು ಯಾವ ಮೂಲೆಗೆ? ಆಗ ಸಿಲಿಂಡರ್ ಬೇಕು. ಚಿಕ್ಕದು, ಬಿ ಟೈಪ್ ಅನ್ನುತ್ತಾರೆ, ಅದರಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ದೊಡ್ಡ ಡಿ ಟೈಪ್‌ನಲ್ಲಿ ಸುಮಾರು 7,000 ಲೀಟರ್, ಎರಡು ದಿನ ದಾಟುತ್ತದೆ. ಅದೇ ರೋಗಿಗೆ ನಿಮಿಷಕ್ಕೆ ಹತ್ತು ಲೀಟರ್ ಬೇಕಾದರೆ ಚಿಕ್ಕ ಸಿಲಿಂಡರ್ ಎರಡೂವರೆ ಗಂಟೆಯಲ್ಲಿ ಖಾಲಿ. ಹತ್ತು ಲೀಟರಿನವರನ್ನು ಮನೆಗೆ ತರಬೇಡಿ ಅನ್ನುವುದು ಇದಕ್ಕೇ.

ಇನ್ನು ಬೆಂಕಿ. ಆಕ್ಸಿಜನ್ ತಾನೇ ಉರಿಯುವುದಿಲ್ಲ, ಆದರೆ ಉರಿಯುವುದನ್ನು ಭಗ್ಗನೆ ಎಬ್ಬಿಸುತ್ತದೆ. ದೇವರ ದೀಪ, ಸೊಳ್ಳೆ ಬತ್ತಿ, ಬಚ್ಚಲ ಒಲೆ, ಅಪ್ಪಯ್ಯನ ಬೀಡಿ ಯಾವುದೂ ಆ ಕೋಣೆಯಲ್ಲಿ ಇರಬಾರದು. ಬೀಡಿ ಬಿಡದವರಿಗೆ ಮನೆ ಆಕ್ಸಿಜನ್ ಕೊಡಲು ನನಗೆ ನಿಜಕ್ಕೂ ಹೆದರಿಕೆ. ಅಡಿಕೆ ಬೇಯಿಸುವ ಒಲೆಯ ಹೊಗೆ ಕೋಣೆಗೆ ನುಗ್ಗುವಂತಿದ್ದರೆ ಉಬ್ಬಸದವರಿಗೆ ಯಂತ್ರ ಇಟ್ಟೂ ಪ್ರಯೋಜನವಿಲ್ಲ.

ಬೆರಳಿಗೆ ಹಾಕುವ ಮೀಟರ್ ನೋಡಿ ನೀವೇ ಲೀಟರ್ ಏರಿಸಬೇಡಿ. ಹಳೇ ಸಿಗರೇಟು-ಹೊಗೆಯ ಶ್ವಾಸಕೋಶದ ಕಾಯಿಲೆಯವರಿಗೆ ರಕ್ತದ ಆಕ್ಸಿಜನ್ ಸಾಮಾನ್ಯವಾಗಿ ಶೇಕಡಾ 88ರಿಂದ 92 ಇದ್ದರೆ ಸಾಕು. 99 ಮಾಡುತ್ತೇನೆ ಅಂತ ಹೊರಟರೆ ಕೆಲವರಿಗೆ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಮಂಪರು ಬರುತ್ತದೆ.

ಅಪ್ಪನಿಗೆ ಪಾರ್ಶ್ವವಾಯು ಆಗಿದೆ. ಮೂಗಿನ ಪೈಪಲ್ಲಿ ಊಟ. ಮನೆಯಲ್ಲಿ ಆಗುತ್ತಾ?

ಆಗುತ್ತದೆ. ನಾವು ನೋಡುವವರಲ್ಲಿ ಜಾಸ್ತಿ ಜನ ಇಂಥವರೇ. ಆದರೆ ಆಸ್ಪತ್ರೆ ಬಿಡುವ ಮೊದಲು ಮನೆಯ ಇಬ್ಬರು ಸಿಸ್ಟರ ಎದುರಿಗೆ ತಾವೇ ಪೈಪಿನಲ್ಲಿ ಊಟ ಕೊಟ್ಟು ತೋರಿಸಬೇಕು. ನೋಡಿ ಕಲಿತಿದ್ದೇವೆ ಅಂದರೆ ಸಾಲದು, ಕೈಯಲ್ಲಿ ಮಾಡಿರಬೇಕು. ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಬೇಕು, ಪೈಪು ಜಾಗದಲ್ಲೇ ಇದೆಯಾ ಅಂತ ಪ್ರತಿ ಸಲ ನೋಡಬೇಕು, ನಿಧಾನ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಹಾಗೇ ಕೂರಿಸಿರಬೇಕು. ಮಲಗಿಸಿಕೊಂಡೇ ಗಂಜಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಲ್ಲಿ ಒಂದು ತುತ್ತು ರುಚಿಗೆ ಕೊಡೋಣ ಅಂತ ಅಮ್ಮಂದಿರಿಗೆ ಕರುಳು ಚುರ್ ಅನ್ನುತ್ತದೆ. ನುಂಗುವ ಪರೀಕ್ಷೆ ಆಗುವವರೆಗೆ ಆ ತುತ್ತು ಬೇಡ.

ಎರಡನೇ ಕೆಲಸ ಮಗ್ಗುಲು ಬದಲಿಸುವುದು. ಎರಡು ಗಂಟೆಗೊಮ್ಮೆ. ರಾತ್ರಿಯೂ. ಗಾಳಿ ಹಾಸಿಗೆ ಇದೆ ಅಂತ ಬಿಡುವ ಹಾಗಿಲ್ಲ, ಅದೂ ಕರೆಂಟಿನ ಮೇಲೆಯೇ ಓಡುವುದು. ಸೊಂಟ, ಹಿಮ್ಮಡಿ ಕೆಂಪಾದರೆ ಎಣ್ಣೆ ಹಚ್ಚಿ ಗಸಗಸ ತಿಕ್ಕಬೇಡಿ. ಗಾಳಿ ತುಂಬಿದ ರಿಂಗಿನ ಮೇಲೆ ಕೂರಿಸಬೇಡಿ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಲಗಿಸಿ. ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ಇರಲಿ, ಆದರೆ ನೆಲಕ್ಕೆ ತಾಗದಿರಲಿ.

ಗಂಟಲಿಗೆ ಪೈಪು ಹಾಕಿದ್ದಾರೆ. ಅವರಿಗೂ ಇಷ್ಟೇ ಸಾಕಾ?

ಸಾಲದು. ಟ್ರಕಿಯಾಸ್ಟಮಿ ಇದ್ದವರಿಗೆ ಕಫ ಕಟ್ಟಿದರೆ ನಿಮಿಷಗಳಲ್ಲಿ ಉಸಿರು ನಿಲ್ಲಬಹುದು. ಕಫ ಎಳೆದು ತೆಗೆಯುವ ಸಕ್ಷನ್ ಯಂತ್ರ ಬೇಕು, ಕರೆಂಟ್ ಹೋದಾಗ ಕಾಲಿನಲ್ಲಿ ತುಳಿಯುವ ಸಕ್ಷನ್ ಬೇಕು, ಬದಲಿ ಪೈಪು ತಲೆದಿಂಬಿನ ಹತ್ತಿರ ಇರಬೇಕು, ಸಕ್ಷನ್ ಮಾಡಲು ಕಲಿತ ಇಬ್ಬರು ಮನೆಯಲ್ಲಿರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬೇಡ.

ಮನೆಯಲ್ಲಿ ನಾನೊಬ್ಬಳೇ ಇರುವುದು. ಅತ್ತೆಯನ್ನು ನೋಡಿಕೊಳ್ಳಬಹುದಾ?

ಹಗಲು ನೋಡಿಕೊಳ್ಳುತ್ತೀರಿ. ರಾತ್ರಿ? ಎರಡು ಗಂಟೆಗೊಮ್ಮೆ ಏಳುವುದನ್ನು ಒಬ್ಬರು ಒಂದು ವಾರ ಮಾಡಬಹುದು, ಒಂದು ತಿಂಗಳು ಆಗುವುದಿಲ್ಲ. ಹತ್ತನೇ ದಿನದ ಹೊತ್ತಿಗೆ ನಿಮ್ಮ ಸೊಂಟ ಹೋಗಿರುತ್ತದೆ, ಮಾತು ಸಿಡುಕಾಗಿರುತ್ತದೆ, ಮಾತ್ರೆ ತಪ್ಪಿರುತ್ತದೆ. ಇದು ನಿಮ್ಮ ತಪ್ಪಲ್ಲ.

ನಾನು ಮನೆಯವರನ್ನೆಲ್ಲ ಕೂರಿಸಿ ಕೇಳುತ್ತೇನೆ: ರಾತ್ರಿ ಪಾಳಿ ಯಾರದ್ದು? ಆಗ ಎಲ್ಲರೂ ಸೊಸೆಯ ಮುಖ ನೋಡುತ್ತಾರೆ. ನಾನು ಗಂಡಸರ ಮುಖ ನೋಡುತ್ತೇನೆ. ಮಗ್ಗುಲು ಬದಲಿಸಲು, ಪೈಪಿನಲ್ಲಿ ಊಟ ಕೊಡಲು ಗಂಡಸರಿಗೆ ಬರದೆ ಇರುವಂಥದ್ದು ಏನೂ ಇಲ್ಲ.

ಅಡಿಕೆ ಕೊನೆ ಕೊಯ್ಲಿನ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಡಿಕೆ ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆ ಮಂದಿಗೆ ತಲೆ ತುರಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಆಗಸ್ಟಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಆರೈಕೆ ನವೆಂಬರಿನಲ್ಲಿ ಕುಸಿಯುವುದನ್ನು ನೋಡಿದ್ದೇನೆ. ಆ ಎರಡು ತಿಂಗಳಿಗೆ ಅಟೆಂಡರ್ ಬೇಕು ಅಂತ ಮೊದಲೇ ಹೇಳಿಡಿ. ಆ ಹೊತ್ತಿಗೆ ಹುಡುಕಿದರೆ ಯಾರೂ ಸಿಗುವುದಿಲ್ಲ, ಎಲ್ಲ ತೋಟದಲ್ಲಿರುತ್ತಾರೆ.

ಮಗ ಬೆಂಗಳೂರಿನಲ್ಲಿ. ಕ್ಯಾಮೆರಾ ಹಾಕಿಸಿ ಅಲ್ಲಿಂದಲೇ ನೋಡಿಕೊಳ್ಳುತ್ತೇನೆ ಅಂತಾನೆ.

ಕ್ಯಾಮೆರಾ ಬಿದ್ದವರನ್ನು ತೋರಿಸುತ್ತದೆ, ಎತ್ತುವುದಿಲ್ಲ. ಹತ್ತು ನಿಮಿಷದಲ್ಲಿ ಮನೆಗೆ ಬರಬಲ್ಲ ಒಬ್ಬರ ಹೆಸರು ಬೇಕು. ಪಕ್ಕದ ಮನೆಯವರಾದರೂ ಸರಿ, ತೋಟದ ಕೆಲಸದವರಾದರೂ ಸರಿ. ಅವರ ಹತ್ತಿರ ಮೊದಲೇ ಮಾತಾಡಿರಬೇಕು.

ಅಮ್ಮನಿಗೆ ಮರೆವಿನ ಕಾಯಿಲೆ. ಮೈಯೆಲ್ಲ ಗಟ್ಟಿ ಇದೆ. ಇವರಿಗೂ ಇಷ್ಟೆಲ್ಲ ಪರೀಕ್ಷೆ ಬೇಕಾ?

ಇವರಿಗೇ ಜಾಸ್ತಿ ಬೇಕು. ಹಾಸಿಗೆ ಹಿಡಿದವರು ಎಲ್ಲೂ ಹೋಗುವುದಿಲ್ಲ. ಮರೆವಿನವರು ಸಂಜೆ ಹೊತ್ತು "ಮನೆಗೆ ಹೋಗ್ತೀನಿ" ಅಂತ ಮನೆಯಿಂದಲೇ ಎದ್ದು ಹೊರಡುತ್ತಾರೆ. ನಮ್ಮಲ್ಲಿ ಹಿತ್ತಲು ದಾಟಿದರೆ ತೋಟ, ತೋಟ ದಾಟಿದರೆ ಕಾಡು. ಬಾವಿಗೆ ಕಟ್ಟೆ ಇದೆಯಾ, ಕೃಷಿ ಹೊಂಡಕ್ಕೆ ಬೇಲಿ ಇದೆಯಾ, ತೋಟಕ್ಕೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದೀರಿ ಅಂತ ನೋಡುತ್ತೇನೆ. ಹೊಸ ಜಾಗಕ್ಕಿಂತ ಹಳೇ ಮನೆಯೇ ಇವರಿಗೆ ಹಿತ. ಆದ್ದರಿಂದ ಮನೆಯನ್ನೇ ಸರಿಮಾಡಿ ಇಟ್ಟುಕೊಳ್ಳುವುದು ವಾಸಿ. ನೋಡಿಕೊಳ್ಳುವವರ ಮನಸ್ಸು ಸೋತರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಡಯಾಲಿಸಿಸ್ ಮನೆಯಲ್ಲೇ ಮಾಡಬಹುದಂತೆ, ಹೌದಾ?

ಹೊಟ್ಟೆಯೊಳಗೆ ದ್ರವ ತುಂಬಿ ತೆಗೆಯುವ ಬಗೆಯದ್ದನ್ನು ಮಾಡಬಹುದು. ಯಂತ್ರವಿಲ್ಲದೆ ಕೈಯಲ್ಲೇ ಮಾಡುವ ವಿಧಾನ ಇದೆ, ಕರೆಂಟು ಬೇಡ. ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ, ಸಲಕ್ಕೆ ಎರಡು ಲೀಟರ್. ವಾರಕ್ಕೆ ಎರಡು ಮೂರು ಸಲ ಪೇಟೆಗೆ ಬಸ್ಸು ಹತ್ತುವುದು ತಪ್ಪುತ್ತದೆ. ಆದರೆ ತಿಂಗಳಿಗೆ ಸುಮಾರು 240 ಲೀಟರ್ ದ್ರವದ ಚೀಲಗಳು ಮನೆಗೆ ಬರಬೇಕು, ಇಡಲು ಒಣ ಜಾಗ ಬೇಕು, ಬದಲಿಸುವ ಕೋಣೆ ತೀರಾ ಚೊಕ್ಕಟ ಇರಬೇಕು. ಕೈ ತೊಳೆಯುವುದರಲ್ಲಿ ಒಂದು ದಿನ ಸೋಮಾರಿತನ ಮಾಡಿದರೂ ಹೊಟ್ಟೆಯೊಳಗೆ ಸೋಂಕು ಬರಬಹುದು. ಕಿಡ್ನಿ ಡಾಕ್ಟರು ಒಪ್ಪಿ, ತರಬೇತಿ ಮುಗಿಸಿದ ಮೇಲೆಯೇ.

ಅಜ್ಜ ಮನೆಗೇ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ಕ್ಯಾನ್ಸರ್, ಇನ್ನೇನೂ ಮಾಡಲಾಗದು ಅಂದಿದ್ದಾರೆ.

ಕರೆದುಕೊಂಡು ಬನ್ನಿ. ಮೇಲೆ ಹೇಳಿದ ಬಹಳಷ್ಟು "ಬೇಡ"ಗಳು ಇಲ್ಲಿಗೆ ಅನ್ವಯಿಸುವುದಿಲ್ಲ. ಇಲ್ಲಿ ನೋಡಬೇಕಾದದ್ದು ನೋವು ಹತೋಟಿಯಲ್ಲಿದೆಯಾ ಅನ್ನುವುದೊಂದೇ ಅಂದರೂ ತಪ್ಪಿಲ್ಲ. ಜೋರು ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಎಲ್ಲ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. 2014ರಲ್ಲಿ ಕಾನೂನು ಸ್ವಲ್ಪ ಸಡಿಲವಾದ ಮೇಲೂ ಅದಕ್ಕೆ ಮಾನ್ಯತೆ ಪಡೆದ ಆಸ್ಪತ್ರೆಗಳೇ ಬೇಕು. ಹಾಗಾಗಿ ಆಸ್ಪತ್ರೆ ಬಿಡುವಾಗಲೇ ಎಷ್ಟು ದಿನಕ್ಕೆ ಕೊಟ್ಟಿದ್ದಾರೆ, ಮುಗಿದರೆ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಳ್ಳಿ. ಅದರ ಜೊತೆಗೆ ಮಲಬದ್ಧತೆಗೆ ಔಷಧಿ ಇದೆಯಾ ಅಂತಲೂ ನೋಡಿ. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಅದಿಲ್ಲದೆ ಆಗುವುದಿಲ್ಲ.

ಇನ್ನೊಂದು ಮಾತು ಮನೆಯವರೆಲ್ಲ ಸೇರಿ ಆಡಿರಬೇಕು. ಕೊನೆ ಗಳಿಗೆಯಲ್ಲಿ ಆಸ್ಪತ್ರೆಗೆ ಓಡುತ್ತೀರಾ, ಇಲ್ಲವಾ? ಇದನ್ನು ಮೊದಲೇ ಮಾತಾಡದ ಮನೆಯಲ್ಲಿ, ಮಧ್ಯರಾತ್ರಿ ಊರಿಂದ ಬಂದ ಯಾರೋ ಭಾವನೋ ಚಿಕ್ಕಪ್ಪನೋ ಗಲಾಟೆ ಮಾಡಿ ಐಸಿಯುಗೆ ಹಾಕಿಸುತ್ತಾರೆ. ಅಜ್ಜ ಬೇಡ ಅಂದಿದ್ದ ಜಾಗದಲ್ಲೇ ಹೋಗಿಬಿಡುತ್ತಾರೆ. ನೋಡುತ್ತಿದ್ದ ಸ್ಥಳೀಯ ಡಾಕ್ಟರಿಗೂ ವಿಷಯ ತಿಳಿಸಿರಿ, ಆಮೇಲೆ ಸರ್ಟಿಫಿಕೇಟ್‌ಗೆ ಅವರೇ ಬೇಕು. ಮನೆಯಲ್ಲಿ ಸಾವಾದರೂ 21 ದಿನದೊಳಗೆ ನೋಂದಣಿ ಮಾಡಿಸಬೇಕು.

ರೋಗಿಗೇ ಮನೆಗೆ ಬರಲು ಇಷ್ಟವಿಲ್ಲದಿದ್ದರೆ?

ಹಾಗೂ ಇರುತ್ತದೆ. "ನಿಮಗೆಲ್ಲ ನಾನು ಹೊರೆ" ಅಂತ ಕೆಲವರು, ಹೆದರಿಕೆಯಿಂದ ಕೆಲವರು. ಅವರನ್ನು ಒಂಟಿಯಾಗಿ ಕೂರಿಸಿಕೊಂಡು ಮಾತಾಡುತ್ತೇನೆ. ಮನೆಯವರ ಮುಂದೆ ಹೇಳದ್ದನ್ನು ಸಿಸ್ಟರ ಹತ್ತಿರ ಹೇಳುತ್ತಾರೆ. ಒಮ್ಮೊಮ್ಮೆ ಆ ಮಾತು ಕೇಳಿ "ಇವರು ಮನೆಗೆ ಹೋಗುವುದು ಬೇಡ" ಅಂತ ನಾನೇ ಹೇಳಿದ್ದೂ ಇದೆ. ಕಾರಣ ಇಲ್ಲಿ ಬರೆಯುವಂಥದ್ದಲ್ಲ.

ಇನ್ಶೂರೆನ್ಸ್, ಆಯುಷ್ಮಾನ್ ಕಾರ್ಡ್‌ನಲ್ಲಿ ಮನೆ ಆರೈಕೆ ಖರ್ಚು ಸಿಗುತ್ತಾ?

ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಗೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ತುಂಬಿದವರಿಗೆಲ್ಲ ವರ್ಷಕ್ಕೆ ಐದು ಲಕ್ಷದವರೆಗೆ ಅಂತ ಶುರುಮಾಡಿತು, ಅದೂ ದಾಖಲಾದವರಿಗೇ. ಅಟೆಂಡರ್ ಸಂಬಳಕ್ಕೆ ಬರುವುದಿಲ್ಲ. ಖಾಸಗಿ ಪಾಲಿಸಿಯಲ್ಲಿ ಡೊಮಿಸಿಲಿಯರಿ ಅನ್ನುವ ಪದ ಇದೆಯಾ ನೋಡಿ. ದಾಖಲಾಗಬೇಕಿದ್ದ ರೋಗಿಯನ್ನು ಸಾಗಿಸಲು ಆಗದೆಯೋ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆಯೋ ಮನೆಯಲ್ಲಿ ಚಿಕಿತ್ಸೆ ಕೊಟ್ಟರೆ ಅನ್ನುವ ಷರತ್ತು ಅದಕ್ಕಿರುತ್ತದೆ. ಆಸ್ಪತ್ರೆ ಬೇಸರವಾಯಿತು ಅಂತ ಬಂದವರಿಗೆ ಅಲ್ಲ. ಕ್ಲೇಮ್ ಆಗುತ್ತದೆ ಅಂತ ನಂಬಿ ಸಾಲ ಮಾಡುವ ಮೊದಲು ಕಂಪನಿಯಿಂದ ಬರಹದಲ್ಲಿ ಕೇಳಿ.

ಮಂಚ, ಗಾಳಿ ಹಾಸಿಗೆ, ಗಾಲಿ ಕುರ್ಚಿಗಳನ್ನು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಊರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಒಂದು ವಾಕರ್ ಇದ್ದೇ ಇರುತ್ತದೆ, ಕೇಳಲು ನಾಚಿಕೆ ಬೇಡ.

ನಾಟಿ ಔಷಧಿ ಜೊತೆಗೆ ಕೊಡಬಹುದಾ?

ಕೊಡುತ್ತೀರಿ ಅಂತ ಗೊತ್ತು. ಮುಚ್ಚಿಡಬೇಡಿ ಅಷ್ಟೇ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ, ಕಿಡ್ನಿ ತೊಂದರೆ ಇದ್ದವರಿಗೆ ಕಷಾಯ ಕೊಡುವ ಮೊದಲು ಡಾಕ್ಟರಿಗೆ ಹೇಳಿ. ಮಲಗಿ ಮಲಗಿ ಆದ ತೆರೆದ ಹುಣ್ಣು, ಅಂದರೆ ಬೆಡ್ ಸೋರ್‌ಗೆ ಸೊಪ್ಪಿನ ರಸ ಬೇಡವೇ ಬೇಡ.

ಒಮ್ಮೆ ಆಗುತ್ತೆ ಅಂದ ಮೇಲೆ ಬದಲಾಗುತ್ತಾ?

ಬದಲಾಗುತ್ತದೆ. ಮೊದಲ ವಾರ ಮುಗಿದ ಮೇಲೆ ನಾವು ಮತ್ತೆ ಎಲ್ಲವನ್ನೂ ಕೇಳುತ್ತೇವೆ. ನಡುವೆ ಇಂಥದ್ದು ಕಂಡರೆ ಕಾಯಬೇಡಿ: ಹೊಸ ಮಂಪರು, ಉಸಿರಾಟ ಜೋರಾಗುವುದು, ಎದೆನೋವು, ಮೂತ್ರ ಅರ್ಧ ದಿನ ಬಾರದಿರುವುದು, ಪೈಪು ಕಿತ್ತು ಬರುವುದು. ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಬರೆದಿಟ್ಟು ಹೊರಡಿ. ಪಾರ್ಶ್ವವಾಯುವಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯಷ್ಟೇ ಅವಕಾಶ, ಅದರಲ್ಲಿ ನಮ್ಮ ರೋಡೇ ಎರಡು ಗಂಟೆ ತಿನ್ನುತ್ತದೆ.

ಡಿಸೆಂಬರಿನಿಂದ ಮೇ ತನಕ ಜ್ವರ ಬಂದರೆ ಇನ್ನೊಂದು ಮಾತು. ಕಾಡಿನ ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ರೋಗಿ ಕಾಡಿಗೆ ಹೋಗಿರುವುದಿಲ್ಲ, ಆದರೆ ನೋಡಿಕೊಳ್ಳುವವರು ದರಗು ತರಲು ಹೋಗಿರುತ್ತಾರೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹೆದರಬೇಡಿ. ಆದರೆ ಆರೈಕೆ ಮಾಡುವವರೇ ಮಲಗಿದರೆ ಮನೆಯ ಲೆಕ್ಕವೆಲ್ಲ ತಲೆಕೆಳಗು.

ನಿಮ್ಮನ್ನು ಕರೆಯುವ ಮೊದಲು ಏನು ತಯಾರಿಟ್ಟುಕೊಳ್ಳಬೇಕು?

ಡಿಸ್ಚಾರ್ಜ್ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹಾಳೆಗಳು, ಹಳೇ ಮಾತ್ರೆಗಳು ಬೇರೆ ಚೀಲದಲ್ಲಿ. ಡಾಕ್ಟರಿಂದ ಮೂರು ವಿಷಯ ಬರೆಸಿಕೊಂಡಿರಿ: ಯಾವುದಕ್ಕೆ ತಕ್ಷಣ ಬರಬೇಕು, ಯಾವುದಕ್ಕೆ ಫೋನ್ ಮಾಡಿದರೆ ಸಾಕು, ಪೈಪು ಇದ್ದರೆ ಹಾಕಿದ ತಾರೀಖು ಯಾವುದು. ಇನ್ವರ್ಟರ್ ಬ್ಯಾಟರಿ ಯಾವ ವರ್ಷದ್ದು ಅಂತ ನೋಡಿಡಿ. ರೋಡಿನಿಂದ ಮನೆಯವರೆಗಿನ ದಾರಿಯನ್ನು ಫೋನಿನಲ್ಲಿ ಒಂದು ವಿಡಿಯೋ ಮಾಡಿ ಕಳಿಸಿ. ಬೇಸಿಗೆಯಲ್ಲಿ ತೆಗೆದದ್ದು ಬೇಡ, ಇವತ್ತಿನದ್ದು.